ಅಕ್ಕನ ಖಾತೆಗೆ ಬಂದ ಆಹೇರ

ಒಂದೂವರೆ ವರ್ಷದಲ್ಲಿ ನಾನು ಸಾವಿರಕ್ಕೂ ಹೆಚ್ಚು ಮದುವೆ ಮಾಡಿಸಿದ್ದೇನೆ. ಒಂದರಲ್ಲೂ ಊಟ ಮಾಡಿಲ್ಲ, ಒಂದಕ್ಕೂ ಅಕ್ಕಿಕಾಳು ಹಾಕಿಲ್ಲ, ಒಬ್ಬ ಮದುಮಗನ ಮುಖವನ್ನೂ ನೋಡಿಲ್ಲ. ಈ ಮದುವೆಗಳೆಲ್ಲ ನಡೆದದ್ದು ನನ್ನ ಫೋನಿನಲ್ಲಿ. ಅವುಗಳ ಆಹೇರವೆಲ್ಲ ಹೋಗಿ ಬಿದ್ದದ್ದು ಸೂಡಿಯಲ್ಲಿರುವ ನನ್ನ ಅಕ್ಕನ ಬ್ಯಾಂಕ್ ಖಾತೆಗೆ. ತೆರಿಗೆ ಕಚೇರಿಗೆ ಬರೆದುಕೊಟ್ಟ ಅರ್ಜಿಯಲ್ಲಿ ಇದನ್ನು ಒಂದೇ ಪುಟದಲ್ಲಿ ಮುಗಿಸಬೇಕಾಯಿತು. ಅಲ್ಲಿ ಹಿಡಿಸದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೆಟ್ರಿಕ್ ಪಾಸಾದವನು. ಗಜೇಂದ್ರಗಡದ ಪೇಟೆಯಲ್ಲಿ ನಲವತ್ತು ವರ್ಷ ಸೀರೆ ಅಂಗಡಿ ಇಟ್ಟಿದ್ದೆ. ಮೂವರು ಹೆಂಗಸರು ಕೂತರೆ ನಾಲ್ಕನೆಯವಳು ಮೆಟ್ಟಿಲ ಮೇಲೆ ನಿಲ್ಲಬೇಕು, ಅಷ್ಟು ಅಗಲದ ಅಂಗಡಿ. ಅದರಲ್ಲಿ ಎರಡು ಬಗೆಯ ಚೀಟಿಗಳಿದ್ದವು. ಒಂದು ಅಚ್ಚು ಹಾಕಿಸಿದ ಪಕ್ಕಾ ಬಿಲ್ಲಿನ ಪುಸ್ತಕ. ಅದು ದೇವರ ಫೋಟೋದ ಹಿಂದೆ ಇರುತ್ತಿತ್ತು; ಅಧಿಕಾರಿಗಳು ಬಂದಾಗ ದೇವರು ಅದನ್ನು ಕೊಡುತ್ತಿದ್ದ. ಇನ್ನೊಂದು ಕಚ್ಚಾ ಚೀಟಿ, ಹಳೆಯ ಕ್ಯಾಲೆಂಡರಿನ ಹಿಂಬದಿಯನ್ನು ಹರಿದು ಮಾಡಿದ್ದು. ಗಿರಾಕಿಗಳಿಗೆಲ್ಲ ಕಚ್ಚಾ ಚೀಟಿ, ಅಧಿಕಾರಿಗಳಿಗೆ ಪಕ್ಕಾ ಪುಸ್ತಕ. ಇದನ್ನು ನಾನು ವ್ಯಾಪಾರದ ಜಾಣತನ ಎಂದು ತಿಳಿದಿದ್ದೆ, ಹತ್ತು ಜನರ ಮುಂದೆ ಹೇಳಿಕೊಂಡೂ ಇದ್ದೆ.

ಮಾರಾಟ ತೆರಿಗೆಯ ಕಾಲದಲ್ಲಿ ಒಮ್ಮೆ ಸೊಲ್ಲಾಪುರದಿಂದ ಸೀರೆ ಗಂಟು ತರುತ್ತಿದ್ದೆ. ಗಡಿಯ ತಪಾಸಣೆ ನಾಕೆಯಲ್ಲಿ ಬಸ್ಸು ನಿಲ್ಲಿಸುತ್ತಾರೆಂದು ಗೊತ್ತಿತ್ತು. ಗಂಟಿನ ನಾಲ್ಕೂ ಮೂಲೆಗೆ ಅರಿಸಿನ ಬಳಿದು, ಮೇಲೊಂದು ತೆಂಗಿನಕಾಯಿ ಕಟ್ಟಿ ಕೂತೆ. ಅಧಿಕಾರಿ ಕೇಳಿದಾಗ, "ಮದವಿ ಜವಳಿ ಸಾಹೇಬ್ರ, ತಂಗೀ ಮದವಿ" ಎಂದೆ. ನನಗೆ ತಂಗಿಯೇ ಇಲ್ಲ, ಇರುವವಳು ಅಕ್ಕ ಒಬ್ಬಳೇ. ಆ ಪುಣ್ಯಾತ್ಮ ಗಂಟು ಬಿಚ್ಚಿಸಲಿಲ್ಲ. ಕಿಸೆಯಿಂದ ಹನ್ನೊಂದು ರೂಪಾಯಿ ತೆಗೆದು, "ತಂಗಿಗೆ ನನ್ನ ಆಹೇರ ಅಂತ ಕೊಡ್ರಿ" ಎಂದು ಕೈಗಿಟ್ಟ. ಮದುವೆಯಲ್ಲಿ ಬಟ್ಟೆಯನ್ನೋ ರೊಕ್ಕವನ್ನೋ ಕೊಡುವ ಉಡುಗೊರೆಗೆ ನಮ್ಮಲ್ಲಿ ಆಹೇರ ಎನ್ನುತ್ತೇವೆ. ಅದನ್ನು ಬೇಡ ಎನ್ನಬಾರದು. ನಾನೂ ಬೇಡ ಎನ್ನಲಿಲ್ಲ. ಮುಂದಿನ ಊರಿನಲ್ಲಿ ಇಳಿದು ಆ ರೊಕ್ಕದಲ್ಲಿ ಗಿರ್ಮಿಟ್ಟು, ಮಿರ್ಚಿ ತಿಂದೆ. ಎಷ್ಟೋ ವರ್ಷ ಇದನ್ನು ಹೇಳಿ ನಗಿಸಿದ್ದೇನೆ. ಅರಿಸಿನ ಬಳಿದರೆ ಸರ್ಕಾರ ಕಣ್ಣು ಮುಚ್ಚುತ್ತದೆ ಎಂಬ ಪಾಠ ಅಂದೇ ತಲೆಯಲ್ಲಿ ಕೂತುಬಿಟ್ಟಿತು.

ಈಗ ಅಂಗಡಿಯಲ್ಲಿ ಕೂರುವವಳು ಸೊಸೆ. ನರಗುಂದದವಳು, ಡಿಗ್ರಿ ಓದಿದವಳು. ಮಗ ಸರ್ಕಾರಿ ಬಸ್ಸಿನ ಕಂಡಕ್ಟರು. ಗಜೇಂದ್ರಗಡದಿಂದ ಸೂಡಿ ಮೇಲೆ ರೋಣಕ್ಕೆ ಹೋಗುವ ಬಸ್ಸು ಅವನದು. ಅಂಗಡಿಗೆ ಗಿರಾಕಿ ಕಡಿಮೆಯಾದಾಗ ಸೊಸೆ ಮೇಲಿನ ಕೋಣೆಯ ಕಿಟಕಿ ಬದಿ ಒಂದು ಹಲಗೆ ಹಾಕಿ, ನಮ್ಮೂರ ಮಗ್ಗದ ಪಟ್ಟೇದಂಚಿನ ಸೀರೆಗಳನ್ನು ಬೆಳಕಿಗೆ ಹಿಡಿದು ಫೋನಿನಲ್ಲಿ ತೋರಿಸತೊಡಗಿದಳು. ಆರು ತಿಂಗಳಲ್ಲಿ ಪುಣೆಯವರು, ಹೈದರಾಬಾದಿನವರು ಸೀರೆ ಕೇಳತೊಡಗಿದರು. ನಲವತ್ತು ವರ್ಷ ನಾನು ಮೆಟ್ಟಿಲಿಗೆ ಬಂದವರಿಗೆ ಮಾರಿದೆ. ಅವಳು ಮೆಟ್ಟಿಲು ನೋಡದವರಿಗೆ ಮಾರಿದಳು.

ಆಗ ಅವಳು ಮಾಡಿದ ಮೊದಲ ಕೆಲಸ ರೋಣಕ್ಕೆ ಹೋಗಿ ಒಬ್ಬ ತೆರಿಗೆ ಸಲಹೆಗಾರನನ್ನು ಕಂಡು ಬಂದದ್ದು. ಬಂದವಳೇ ನನ್ನೆದುರು ನಿಂತಳು.

"ಮಾವಾರ, ಹೊರ ರಾಜ್ಯಕ್ಕ ಮಾಲು ಹೊಂಟೈತಿ. ಜಿಎಸ್‌ಟಿ ನಂಬರ್ ತೊಗೋಬೇಕಂತ್ರಿ. ಅಂಗಡಿ ಮೀಟರ್ ನಿಮ್ಮ ಹೆಸರಿಗೆ ಐತಿ. ಲೈಟ್ ಬಿಲ್ ಕೊಟ್ಟು ಒಂದು ಸಹಿ ಹಾಕ್ರಿ."

"ನಂಬರ್ ತೊಗೊಂಡ್ರ ಆನಿ ಕಟ್ಟಿದಂಗ ಆಗತೈತಿ. ವ್ಯಾಪಾರ ನಿಂತ್ರೂ ಅದರ ಹೊಟ್ಟಿ ನಿಲ್ಲೂದಿಲ್ಲ."

"ಆನಿ ಅಲ್ರಿ, ಆಕಳ ಅಂತ ತಿಳಕೋರಿ. ಕಟ್ಟಿದ್ರ ನಮ್ಮ ಕೊಟ್ಟಿಗ್ಯಾಗ ಇರತೈತಿ. ಬಿಟ್ರ ಮಂದಿ ಹೊಲಾ ಮೇಯತೈತಿ."

ಮಾತು ಚೆನ್ನಾಗಿತ್ತು. ಮೆಚ್ಚಿಕೊಂಡೆ. ಲೈಟ್ ಬಿಲ್ ಮಾತ್ರ ಕೊಡಲಿಲ್ಲ. ಅದನ್ನು ದೇವರ ಫೋಟೋದ ಹಿಂದೆ ಇಟ್ಟೆ. ಆ ಜಾಗ ಹೇಗೂ ಖಾಲಿ ಇತ್ತು.

ಬದಲಿಗೆ ನನ್ನದೇ ಒಂದು ಯೋಜನೆ ಮಾಡಿದೆ. ಕ್ಷೌರದ ಅಂಗಡಿಯಲ್ಲಿ ಯಾರೋ, ಉಡುಗೊರೆಗೆ ತೆರಿಗೆ ಇಲ್ಲ, ಅದರಲ್ಲೂ ಮದುವೆಯ ಉಡುಗೊರೆಗೆ ಇಲ್ಲವೇ ಇಲ್ಲ ಎಂದಿದ್ದರು. ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕೇಳಿದ ಆ ಕಾನೂನನ್ನೇ ನಾನು ಗಟ್ಟಿ ಹಿಡಿದೆ. ಗಿರಾಕಿಗಳಿಗೆ ಕಳಿಸಲು ಒಂದು ಸಂದೇಶವನ್ನು ನಾನೇ ಬರೆದುಕೊಟ್ಟೆ: "ರೊಕ್ಕ ಹಾಕುವಾಗ ಟಿಪ್ಪಣಿಯಲ್ಲಿ ಆಹೇರ ಎಂದು ನಮೂದಿಸತಕ್ಕದ್ದು." ಮರಾಠಿ ಜನರಿಗೂ ಆ ಶಬ್ದ ಗೊತ್ತು ಎಂಬುದು ನನ್ನ ಹೆಚ್ಚಿನ ಸಂತೋಷ. ಇನ್ನು ಯಾರ ಖಾತೆಗೆ? ಸೊಸೆಯ ಖಾತೆ ಕಣ್ಣಿಗೆ ಬೀಳುತ್ತದೆ, ನನ್ನದು ಅಂಗಡಿಯವನ ಖಾತೆ. ಆಗ ಅಕ್ಕ ನೆನಪಾದಳು.

ಅಕ್ಕನಿಗೆ ಎಪ್ಪತ್ತೈದು ದಾಟಿದೆ, ನನಗಿಂತ ನಾಲ್ಕು ವರ್ಷ ದೊಡ್ಡವಳು. ಗಂಡ ತೀರಿ ಬಹಳ ಕಾಲವಾಯಿತು, ಮಕ್ಕಳಿಲ್ಲ. ಒಂದು ಎಮ್ಮೆ ಸಾಕಿಕೊಂಡು, ಓಣಿಯವರಿಗೆಲ್ಲ ಶಾವಿಗೆ ಮಾಡಿಕೊಟ್ಟು, ಯಾರ ಹಂಗೂ ಇಲ್ಲದೆ ಇದ್ದಾಳೆ. ತಿಂಗಳಿಗೊಮ್ಮೆ ವಿಧವಾ ವೇತನ ಬರುತ್ತದೆ; ಅದಕ್ಕೆ ಅವಳು "ನನ್ನ ಪಗಾರ" ಎನ್ನುತ್ತಾಳೆ. ರೇಶನ್ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಂಡನ ಫೋಟೋದ ಜೊತೆ ಟ್ರಂಕಿನಲ್ಲಿ ಇಟ್ಟಿದ್ದಾಳೆ. ಪಗಾರ ಬಂದದ್ದು ತಿಳಿಯಲಿ ಎಂದು ಅವಳ ಖಾತೆಗೆ ಜೋಡಿಸಿದ್ದ ಸಿಮ್ಮು ನನ್ನ ಫೋನಿನಲ್ಲೇ ಇತ್ತು. ಅಂದರೆ ಕೊಟ್ಟಿಗೆಯ ಕೀಲಿ ನನ್ನ ಸೊಂಟದಲ್ಲೇ.

"ಒಂದಿಷ್ಟು ಗಿರಾಕಿ ರೊಕ್ಕ ನಿನ್ನ ಖಾತೆಕ್ಕ ಬರತಾವು ಅಕ್ಕಾ. ನಡೀತೈತಿಲ್ಲ?"

"ನನ್ನ ಪಗಾರಕ್ಕ ಏನೂ ಆಗೂದಿಲ್ಲಲ?"

"ಏನಾಗತೈತಿ?"

"ಹಂಗಾರ ಬರ್ಲಿ ಬಿಡು. ನಾ ಏನ ಎಣಿಸಾಕ ಕುಂದ್ರತೀನಿ?"

ಸೊಸೆಗೆ, "ನಂಬರ್ ಬರೂತನ ಅಷ್ಟ" ಎಂದು ಹೇಳಿದೆ. ಲೈಟ್ ಬಿಲ್ ಕೊಡದೆ ನಂಬರ್ ಬರುವುದಿಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. "ಇದು ಬರೋಬ್ಬರಿ ಅಲ್ರಿ ಮಾವಾರ" ಎಂದು ಮೂರು ಸಲ ಹೇಳಿದಳು. ನಾಲ್ಕನೆಯ ಸಲ ಹೇಳಲಿಲ್ಲ. ಹಿರಿಯನಾಗಿರುವುದರ ಲಾಭ ಅದು.

ಆ ವರ್ಷ ಸಣ್ಣ ಸಣ್ಣ ಅಂಗಡಿಗಳಿಗೂ ತೆರಿಗೆ ನೋಟೀಸು ಬರುತ್ತಿವೆ ಎಂಬ ಸುದ್ದಿ ಹಬ್ಬಿ, ಚಹಾದಂಗಡಿಯವನು ಸ್ಕ್ಯಾನ್ ಮಾಡುವ ಚೀಟಿ ಕಿತ್ತು "ನಗದು ಮಾತ್ರ" ಎಂದು ರಟ್ಟು ತೂಗಿಹಾಕಿದ. ನಾನು ಅಲ್ಲೇ ಚಹಾ ಕುಡಿಯುತ್ತ ಅವನ ದಡ್ಡತನಕ್ಕೆ ನಕ್ಕೆ. ಅವನಿಗೆ ಅರಿಸಿನ ಬಳಿಯುವ ವಿದ್ಯೆ ಗೊತ್ತಿರಲಿಲ್ಲ.

ಪತ್ರ ಬಂದದ್ದು ನನಗಲ್ಲ, ಅಕ್ಕನಿಗೆ. ಸೂಡಿಯ ಪೋಸ್ಟ್‌ಮನ್ ಅದನ್ನು ಕಟ್ಟೆಯ ಮೇಲೆ ಓದಿ ಹೇಳಿದನಂತೆ. ಮರುದಿನ ಮುಂಜಾನೆ ಮಗನ ಬಸ್ಸಿಗೇ ಬಂದು ಇಳಿದಳು. ಪತ್ರ ಸೆರಗಿನ ಗಂಟಿನಲ್ಲಿತ್ತು. ನೀರು ಕುಡಿದು, ನನ್ನ ಎದುರು ಕೂತು ಕೇಳಿದಳು.

"ತಮ್ಮಾ, ನಾ ಯಾವಾಗ ಅಂಗಡಿ ತಗದ್ನೋ?"

ನಾನು ಪತ್ರ ಓದಿದೆ. ನಿಮ್ಮ ಖಾತೆಗೆ ಹೊರ ರಾಜ್ಯಗಳಿಂದಲೂ ವ್ಯಾಪಾರದಂತೆ ಕಾಣುವ ಹಣ ಬಂದಿದೆ, ನೀವು ನೋಂದಣಿ ಮಾಡಿಸಿಲ್ಲ, ವಿವರಣೆ ಕೊಡಿ ಎಂದಿತ್ತು.

"ಪೋಸ್ಟಿನಂವ ನನಗ ಸಾವಕಾರ್ತಿ ಅಂದ. ನಗ್ಲಿ, ನನಗೇನ. ಆದ್ರ ಪಂಚಾಯ್ತಿಯಂವ ಬಂದು, ಇಷ್ಟು ವ್ಯಾಪಾರ ಇದ್ದವ್ರ ಕಾರ್ಡ್ ಕಿತ್ತು ಹಾಕ್ತಾರ, ಪಗಾರಾನೂ ನಿಲ್ಲತೈತಿ ಅಂದ. ಬ್ಯಾಂಕಿನ್ಯಾಗ ಕೇಳಿದ್ರ ಖಾತೆ ಬಂದ್ ಮಾಡೀವಿ ಅಂದ್ರು. ಈ ತಿಂಗಳ ಪಗಾರ ಒಳಗ ಸಿಕ್ಕೊಂಡೈತಿ."

"ನಾ ನೋಡ್ತೀನಿ ಅಕ್ಕಾ" ಎಂದೆ.

"ನೀ ನೋಡಿದ್ದಕ್ಕ ಹಿಂಗಾಗೇತಿ."

ಮರುದಿನ ರೋಣಕ್ಕೆ ಮೂವರೂ ಹೋದೆವು, ನಾನು, ಸೊಸೆ, ಅಕ್ಕ. ಅಕ್ಕ ಬರುವುದು ಬೇಡ ಎಂದಿದ್ದೆ. "ಕಾಗದ ನನ್ನ ಹೆಸರಿಗೆ ಬಂದೈತಿ" ಎಂದು ಚಪ್ಪಲಿ ಮೆಟ್ಟಿಕೊಂಡಳು. ಸಲಹೆಗಾರನದು ಗೊಬ್ಬರದಂಗಡಿಯ ಮಹಡಿಯ ಮೇಲೆ ಒಂದು ಕೋಣೆ. ನಡುವಯಸ್ಸಿನ ಮನುಷ್ಯ. ಬ್ಯಾಂಕಿನಿಂದ ತಂದಿದ್ದ ಅಕ್ಕನ ಖಾತೆಯ ಪುಟಗಳನ್ನು ಮಗುಚುತ್ತ ಹೋದ, ಸ್ವಲ್ಪ ಹೊತ್ತಿಗೆ ಕನ್ನಡಕ ತೆಗೆದು ಒರೆಸಿಕೊಂಡ.

"ಕಾಕಾರ, ಆಷಾಢದಾಗ ತೊಂಬತ್ತಾರು ಮದವಿ ಮಾಡೀರಿ."

ಇನ್ನೊಂದು ಪುಟ ಮಗುಚಿದ.

"ಮಹಾಲಯ ಅಮಾವಾಸ್ಯೆ ದಿನಾನೂ ಮೂರು ಆಗ್ಯಾವು. ಯಾವ ಅಯ್ಯನೋರು ಬಂದಿದ್ರೋ ಏನೋ." ಅವನು ಬೆರಳಿಟ್ಟು ಓದಿದ. "ಆಹೇರ, ಹಸರ ಸೀರಿ, ಕೆಂಪ ಅಂಚು, ಲಗೂ ಕಳಸ್ರಿ. ಇಲ್ಲಿ ನೋಡ್ರಿ. ಆಹೇರದ ಸೀರಿ ಬಣ್ಣಾ ಬಿಟ್ಟೈತಿ, ಬದಲಿ ಕೊಡ್ರಿ."

ಸೊಸೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ನಗುವಿಗೆ ಅವಳ ಭುಜ ಅಲ್ಲಾಡುತ್ತಿತ್ತು.

"ಮದವಿ ಉಡುಗೊರೆಗೆ ತೆರಿಗಿ ಇಲ್ಲಂತಲ್ಲ" ಎಂದೆ ನಾನು. ಕ್ಷೌರದಂಗಡಿಯ ಕಾನೂನನ್ನು ಇನ್ನೂ ಬಿಟ್ಟಿರಲಿಲ್ಲ.

"ಖರೇ ಐತ್ರಿ. ಆದ್ರ ಆ ಸವಲತ್ತು ಮದವಿ ಮಾಡಿಕೊಳ್ಳೋರಿಗೆ. ಮತ್ತ ವ್ಯಾಪಾರಕ್ಕ ಉಡುಗೊರೆ ಅಂತ ಹೆಸರಿಟ್ರ ಅದು ಉಡುಗೊರೆ ಆಗೂದಿಲ್ಲ. ನೀವು ಬರಸಿದಂಗ ನಂಬಬೇಕಂದ್ರ, ನಿಮ್ಮ ಅಕ್ಕಾರು ಒಂದೂವರೆ ವರ್ಷದಾಗ ಸಾವಿರ ಸಲ ಮದವಿ ಆಗ್ಯಾರ."

ಅಕ್ಕ ಅಲ್ಲಿಯವರೆಗೆ ಗೋಡೆಯ ಮೇಲಿನ ಗೊಬ್ಬರದ ಜಾಹೀರಾತು ನೋಡುತ್ತಿದ್ದಳು. "ಒಂದ ಆಗಿ ಸಾಕಾಗಿತ್ತು" ಎಂದಳು. "ನನ್ನ ಕೇಳಿದ್ರ ಒಲ್ಲೆ ಅಂತಿದ್ದೆ."

ಸಲಹೆಗಾರ ನಗುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. ದಾರಿ ಎರಡೇ ಇವೆ ಎಂದ. ಈ ವ್ಯಾಪಾರ ಅಕ್ಕನದೇ ಎಂದು ಅವಳು ಒಪ್ಪಿಕೊಂಡು ತೆರಿಗೆ, ದಂಡ ಕಟ್ಟುವುದು. ಆಗ ಅವಳ ಕಾರ್ಡು, ವೇತನ ಎರಡೂ ಹೋಗುತ್ತವೆ. ಇಲ್ಲವೇ ಖಾತೆ ಬಳಸಿದವನು ನಾನು, ವ್ಯಾಪಾರ ನನ್ನ ಮನೆಯದು ಎಂದು ನಾನೇ ಕೈಯಾರೆ ಬರೆದು, ಕಚೇರಿಗೆ ಹೋಗಿ ಹೇಳುವುದು. ಆಗ ಅಕ್ಕನದು ಉಳಿಯಬಹುದು, ಆದರೆ ಸುಳ್ಳು ಟಿಪ್ಪಣಿ ಬರೆಸಿದವನು ನಾನೆಂದು ದಾಖಲೆಯಾಗುತ್ತದೆ.

ಈಗ ಬರೆಯುವ ಮಾತನ್ನು ಅರ್ಜಿಯಲ್ಲಿ ಬರೆದಿಲ್ಲ. ಆ ಕೋಣೆಯಲ್ಲಿ ನನ್ನ ಬಾಯಿಂದ ಮೊದಲು ಬಂದದ್ದು ಇದು: "ಅಕ್ಕಾ, ನೀ ಒಂದು ಸಹಿ ಮಾಡಿಬಿಡು. ಕಾರ್ಡ್ ಹೋದ್ರ ಹೋಗ್ಲಿ. ತಿಂಗಳಾ ನಾ ಅಕ್ಕಿ ಕಳಿಸ್ತೀನಿ, ಪಗಾರದ ರೊಕ್ಕಾನೂ ಕೊಡ್ತೀನಿ."

ಪೇಟೆಯಲ್ಲಿ ನಲವತ್ತು ವರ್ಷದ ಹೆಸರು ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ. ಆ ಹೆಸರು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದದ್ದು ಎಂಬುದು ಆಗ ನೆನಪಾಗಲಿಲ್ಲ.

ಅಕ್ಕ ನನ್ನ ಕಡೆ ತಿರುಗಿ ಕೂತಳು. ಆಮೇಲೆ ಅಂದಳು: "ಪಗಾರ ತೊಗೊಳ್ಳಾಕ ನಾ ಯಾರ ಮಾರೀನೂ ನೋಡೂದಿಲ್ಲ. ನಿನ್ನ ಅಕ್ಕಿ ಉಂಡ್ರ ನಿನ್ನ ಮಾರಿ ನೋಡಬೇಕಾಗತೈತಿ. ಅದೂ ಇರ್ಲಿ. ನನ್ನಂಥಾಕಿಗೆ ಅಕ್ಕಿ ಕೊಡೂ ರೊಕ್ಕ ಎಲ್ಲಿಂದ ಬರತೈತಿ?"

ಅವಳು ಕೇಳಿದ್ದು ನನ್ನನ್ನು. ಉತ್ತರ ಕೊಟ್ಟವನು ಸಲಹೆಗಾರ. "ಹಿಂಗ ತುಂಬೂ ತೆರಿಗಿಯಿಂದನ ಅವ್ವಾರ."

"ಹಂಗಾರ ನನಗ ಕೊಡೂ ರೊಕ್ಕಾನ ನನ್ನ ಹೆಸರಿನ್ಯಾಗ ಬಚ್ಚಿಟ್ಟಿ, ತಮ್ಮಾ."

ಸೊಸೆ ತನ್ನ ಚೀಲದಿಂದ ಒಂದು ಹಾಳೆ, ಪೆನ್ನು ತೆಗೆದು ನನ್ನ ಮುಂದೆ ಇಟ್ಟಳು. ತರುವಾಗಲೇ ತಂದಿದ್ದಳು.

ಬರೆಯಲು ಮೂರು ಹಾಳೆ ಬೇಕಾದವು. ಮೊದಲನೆಯದರಲ್ಲಿ "ಮುಪ್ಪಿನವನೂ ಮುಗ್ಧನೂ ಆದ ನಾನು" ಎಂದು ಶುರು ಮಾಡಿದ್ದೆ. ಸಲಹೆಗಾರ ಅದನ್ನು ಮಡಚಿ ಬುಟ್ಟಿಗೆ ಹಾಕಿದ. ಎರಡನೆಯದರಲ್ಲಿ "ಕಾನೂನು ಅರಿಯದೆ ಮಾಡಿದ ತಪ್ಪು" ಎಂದು ಬರೆದೆ. ಸೊಸೆ ಓದಿದಳು.

"ಅರಿಯದೆ ಅಂತ ಬರದೀರಿ ಮಾವಾರ. ನಾ ಮೂರು ಸಲ ಹೇಳಿನಲ್ರಿ."

ಮೂರನೆಯ ಹಾಳೆಯಲ್ಲಿ "ಸೊಸೆ ತಿಳಿಸಿ ಹೇಳಿದರೂ ಕೇಳದೆ" ಎಂದು ಬರೆದೆ. ಮೆಟ್ರಿಕ್ಕಿನಲ್ಲಿ ಕೂಡ ಇಷ್ಟು ತಿದ್ದಿಸಿಕೊಂಡು ಬರೆದವನಲ್ಲ ನಾನು.

ಕಚೇರಿಯಲ್ಲಿ ಅಧಿಕಾರಿ ಎಲ್ಲವನ್ನೂ ಓದಿ ಒಂದೇ ಪ್ರಶ್ನೆ ಕೇಳಿದರು. "ಆಹೇರ ಅಂತ ಬರಸೂ ವಿಚಾರ ಯಾರದು?" ನಾನು ಕೈ ಎತ್ತಿದೆ. ಬಾಗಿಲಲ್ಲಿ ನಿಂತಿದ್ದ ಜವಾನ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದ. ಅಧಿಕಾರಿ ನಗಲಿಲ್ಲ, ಅವರು ನಕ್ಕಿದ್ದರೆ ನನಗೆ ಹಗುರಾಗುತ್ತಿತ್ತು. ತೆರಿಗೆ, ಬಡ್ಡಿ, ದಂಡ ಎಲ್ಲ ಕೂಡಿಸಿ ಹೇಳಿದರು. ನನ್ನ ಮಣ್ಣಿನ ಖರ್ಚಿಗೆಂದು ಬ್ಯಾಂಕಿನಲ್ಲಿ ಇಟ್ಟಿದ್ದ ಠೇವಣಿ ಒಡೆದು ಅದಕ್ಕೆ ಕಟ್ಟಿದೆ. ಹೀಗಾಗಿ ಸದ್ಯಕ್ಕೆ ಸಾಯುವ ಅನುಕೂಲವೂ ನನಗಿಲ್ಲ. ಕಟ್ಟುವ ದಿನ ಸಲಹೆಗಾರನಿಗೆ ನಾಕೆಯ ಅಧಿಕಾರಿಯ ಸಂಗತಿ ಹೇಳಿ, ಆ ಹನ್ನೊಂದು ರೂಪಾಯಿಯನ್ನೂ ಇದರಲ್ಲೇ ಸೇರಿಸಲು ಬರುತ್ತದೇನು ಎಂದು ಕೇಳಿದೆ.

"ಅದಕ್ಕ ಈ ಫಾರ್ಮಿನ್ಯಾಗ ಖಾನೆ ಇಲ್ಲ ಕಾಕಾರ" ಎಂದ.

ಲೈಟ್ ಬಿಲ್ಲು ದೇವರ ಹಿಂದಿನಿಂದ ಹೊರಗೆ ಬಂತು. ಸೊಸೆಯ ಹೆಸರಿನಲ್ಲಿ ನಂಬರ್ ಬಂದು, ಅದರ ಹಲಗೆ ಅಂಗಡಿಯ ಹೊರಗೆ ಏರಿತು. ಚಹಾದಂಗಡಿಯವನು ಅದನ್ನು ನಿಂತು ಓದಿ, "ಮದವಿ ಸೀಜನ್ ಮುಗೀತೇನ್ರಿ?" ಎಂದು ಕೇಳಿದ. ಸುದ್ದಿ ನನಗಿಂತ ಮೊದಲೇ ಪೇಟೆ ಮುಟ್ಟಿತ್ತು.

ಅಕ್ಕನ ಖಾತೆ ಮಾತ್ರ ಕೂಡಲೇ ತೆರೆಯಲಿಲ್ಲ. ಮೂರು ತಿಂಗಳು ಪಗಾರ ಒಳಗೇ ಸಿಕ್ಕಿಕೊಂಡಿತ್ತು, ಕಾರ್ಡು ಪರಿಶೀಲನೆಯ ಪಟ್ಟಿಯಲ್ಲಿತ್ತು. ನಾನು ಒಂದು ಚೀಲ ಅಕ್ಕಿಯನ್ನು ಮಗನ ಬಸ್ಸಿಗೆ ಹಾಕಿ ಕಳಿಸಿದೆ. ಸಂಜೆ ಅದೇ ಬಸ್ಸಿನಲ್ಲಿ ಚೀಲ ತಿರುಗಿ ಬಂತು. ಮಗ ಎರಡು ಲಗೇಜ್ ಚೀಟಿ ನನ್ನ ಕೈಗಿಟ್ಟ, ಹೋದದ್ದಕ್ಕೊಂದು, ಬಂದದ್ದಕ್ಕೊಂದು.

"ನಿಮ್ಮಪ್ಪನ ಚೀಲಕ್ಕೂ ಚೀಟಿ ಹರಿತೀಯೇನೋ?"

"ನನ್ನ ಬಸ್ಸಿನ್ಯಾಗ ಚೀಟಿ ಇಲ್ದ ಏನೂ ಹೋಗೂದಿಲ್ಲಪ್ಪ. ಹೆಣ್ಮಕ್ಕಳದು ಪುಕ್ಕಟೆ ಪ್ರಯಾಣ, ಅವರಿಗೂ ಶೂನ್ಯ ರೂಪಾಯಿ ಚೀಟಿ ಕೊಡ್ತೀನಿ. ಅತ್ತಿ ಅಂತೂ ಆ ಚೀಟಿ ಮನಿತನಾ ಕಾಯ್ದು ಒಯ್ತಾಳ."

ಮಳೆಗಾಲದಲ್ಲಿ ಒಂದು ತಿಂಗಳು ವ್ಯಾಪಾರವೇ ಆಗಲಿಲ್ಲ. ಆದರೂ ಸೊಸೆ ಕೂತು, ಏನೂ ಮಾರಿಲ್ಲ ಎಂದು ತೆರಿಗೆ ಕಚೇರಿಗೆ ಲೆಕ್ಕ ಕಳಿಸುತ್ತಿದ್ದಳು. ಆನೆಯ ಹೊಟ್ಟೆ ಎಂದು ಬಾಯಿ ತೆರೆಯುವವನಿದ್ದೆ. ಆ ಶೂನ್ಯ ರೂಪಾಯಿಯ ಚೀಟಿ ನೆನಪಾಗಿ ಮುಚ್ಚಿದೆ. ನಮ್ಮ ಮನೆಯಲ್ಲೇ ದಿನಾ ಆ ಚೀಟಿ ಹರಿಯುವವನು ಊಟಕ್ಕೆ ಕೂರುತ್ತಿದ್ದ; ನಾನು ಅವನ ಸಂಬಳ ಮಾತ್ರ ನೋಡಿದ್ದೆ.

ನಾಲ್ಕನೆಯ ತಿಂಗಳು ಅಕ್ಕನ ಪಗಾರ ಎಲ್ಲ ಒಟ್ಟಿಗೆ ಬಂತು. ಕಾರ್ಡೂ ಉಳಿಯಿತು. ಅವಳು ಗಜೇಂದ್ರಗಡಕ್ಕೆ ಬಂದು ಮೊದಲು ನನ್ನ ಫೋನಿನಿಂದ ತನ್ನ ಸಿಮ್ಮು ತೆಗೆಸಿಕೊಂಡಳು. ಸೊಸೆ ಅದನ್ನು ಒಂದು ಸಣ್ಣ ಫೋನಿಗೆ ಹಾಕಿಕೊಟ್ಟಳು. ಆಮೇಲೆ ಅಕ್ಕ ಅಂಗಡಿಯಲ್ಲಿ ಕೂತು ಸೀರೆ ತೋರಿಸು ಎಂದಳು. ಹತ್ತು ಬಿಚ್ಚಿಸಿ, ಕೊನೆಗೆ ಒಂದು ಕಂದು ಬಣ್ಣದ ಚೌಕಳಿ ಸೀರೆ ಆರಿಸಿದಳು.

"ಇದು ನನ್ನ ಕಡಿಯಿಂದ ಇರ್ಲಿ ಅಕ್ಕಾ, ಆಹೇರ" ಎಂದೆ. ಬೇಕೆಂದು ಅಂದದ್ದಲ್ಲ, ನಾಲಿಗೆಗೆ ಬಂದುಬಿಟ್ಟಿತು.

"ಆಹೇರ ಸಾಕಾಗೇತಿ. ರೇಟ್ ಹೇಳು."

ಅವಳು ಪಗಾರದ ನೋಟುಗಳನ್ನು ಎಣಿಸಿ ಸೊಸೆಯ ಕೈಗೆ ಕೊಟ್ಟಳು, ಬಿಲ್ಲು ಕೇಳಿದಳು. ಸೊಸೆ ಕೊಟ್ಟ ಬಿಲ್ಲನ್ನು ನನ್ನ ಕಡೆ ಚಾಚಿದಳು. ಅಕ್ಕನಿಗೆ ಓದಲು ಬರುವುದಿಲ್ಲ.

"ಓದು."

ಸೀರೆಯ ಬೆಲೆ, ತೆರಿಗೆ, ಒಟ್ಟು ಮೊತ್ತ, ಎಲ್ಲ ಓದಿದೆ.

"ನನ್ನ ಹೆಸರ ಐತೇನು?"

"ಐತಿ. ಕೊಂಡವರು ಅಂತ ಇರೂ ಕಡಿ."

"ಮಾರಿದವರು ಅನ್ನೂ ಕಡಿ?"

"ಅಲ್ಲಿ ಸೊಸಿ ಹೆಸರೈತಿ. ನಿನ್ನದಿಲ್ಲ."

ಅಕ್ಕ ಬಿಲ್ಲು ತೆಗೆದುಕೊಳ್ಳಲು ಕೈ ಚಾಚಿದವಳು ಹಾಗೇ ಹಿಂದೆ ಎಳೆದುಕೊಂಡಳು.

"ಇನ್ನೊಮ್ಮೆ ನೋಡು" ಎಂದಳು.

ನಾನು ಕನ್ನಡಕ ಹಾಕಿಕೊಂಡು ಮೊದಲಿನಿಂದ ನೋಡಿದೆ.